‘ಸರ್ವರ್ ಡೌನ್’ ಸರಿ, ಡೌನ್ ಮಾಡಿದ್ಯಾರು? ಇಂಗ್ಲಿಷಿನ ಪುಟ್ಟ ಪದಗಳ ದೊಡ್ಡ ರಾಜಕಾರಣ

ರೇಷನ್ ಅಂಗಡಿ ಮುಂದೆ ಬೆರಳಚ್ಚು ಕೊಡಲು ನಿಂತವರಿಗೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟೋಕನ್ ಹಿಡಿದು ಕೂತವರಿಗೆ ಚೆನ್ನಾಗಿ ಗೊತ್ತಿರುವ ಇಂಗ್ಲಿಷ್ ವಾಕ್ಯ ಒಂದಿದೆ: ಸರ್ವರ್ ಡೌನ್. ಎರಡೇ ಪದ. ಕ್ರಿಯಾಪದ ಇಲ್ಲ, ಕರ್ತೃ ಇಲ್ಲ. ಇಂಗ್ಲಿಷಿನ ಒಂದಕ್ಷರ ಓದಲು ಬಾರದ ಅಜ್ಜಿಯೂ ಇದನ್ನು ಕೇಳಿದ ತಕ್ಷಣ ಕೈಚೀಲ ಮಡಚಿಕೊಂಡು ಮನೆ ಕಡೆ ಹೊರಡುತ್ತಾರೆ. ಅಷ್ಟರ ಮಟ್ಟಿಗೆ ಅದು ಕನ್ನಡವೇ ಆಗಿಬಿಟ್ಟಿದೆ.

‘ಡೌನ್’ ಅಂದರೆ ಕೆಳಗೆ. ಆದರೆ ಸರ್ವರ್ ಎಲ್ಲಿಂದಲೂ ಕೆಳಗೆ ಬಿದ್ದಿರುವುದಿಲ್ಲ. ದಿಕ್ಕು ಹೇಳಬೇಕಾದ ಪದ ಇಲ್ಲಿ ಗುಣ ಹೇಳುತ್ತಿದೆ. ಶಾಲೆಯಲ್ಲಿ ನಮಗೆ ‘ಪಾರ್ಟ್ಸ್ ಆಫ್ ಸ್ಪೀಚ್’ ಅಂತ ಎಂಟು ಡಬ್ಬಿ ಕೊಟ್ಟು, ನೌನ್ ಇಲ್ಲಿ, ವರ್ಬ್ ಅಲ್ಲಿ, ಅಡ್ಜೆಕ್ಟಿವ್ ಮತ್ತೊಂದು ಕಡೆ ಅಂತ ಜೋಡಿಸಲು ಹೇಳಿದರು. ದಿನಬಳಕೆಯ ಇಂಗ್ಲಿಷ್ ನಡೆಯುವುದು ಈ ಡಬ್ಬಿಗಳ ಒಳಗಲ್ಲ, ಅವುಗಳ ನಡುವೆ. ಗುಣವಾಚಕ ಕ್ರಿಯಾಪದವಾಗುತ್ತದೆ, ಅದಕ್ಕೊಂದು ದಿಕ್ಕಿನ ಪದ ಅಂಟಿಕೊಳ್ಳುತ್ತದೆ, ಆಮೇಲೆ ಎರಡೂ ಸೇರಿ ನಾಮಪದವಾಗಿ ಮರುದಿನದ ಹೆಡ್‌ಲೈನಿನಲ್ಲಿ ಬಂದು ಕೂರುತ್ತವೆ. ಈ ಪಯಣದಲ್ಲಿ ಒಬ್ಬರು ಮಾತ್ರ ಮೆಲ್ಲಗೆ ಕಾಣೆಯಾಗುತ್ತಾರೆ: ಆ ಕೆಲಸ ಮಾಡಿದವರು.

‘ಸ್ಲೋ’ ಪದವನ್ನೇ ತಗೊಳ್ಳಿ. ನಿಧಾನ ಎಂಬ ಗುಣ. ಅದಕ್ಕೆ ಡೌನ್ ಸೇರಿಸಿದರೆ ಕ್ರಿಯೆ: ಸ್ಲೋ ಡೌನ್. ‘ದ ಎಕಾನಮಿ ಸ್ಲೋಡ್ ಡೌನ್’ ಅನ್ನಬಹುದು, ‘ದೇ ಸ್ಲೋಡ್ ಡೌನ್ ದ ಫೈಲ್’ ಅಂತಲೂ ಅನ್ನಬಹುದು. ಮೊದಲನೆಯದರಲ್ಲಿ ತಾನಾಗಿ ನಿಧಾನವಾಯಿತು, ಎರಡನೆಯದರಲ್ಲಿ ಯಾರೋ ಬೇಕಂತಲೇ ನಿಧಾನ ಮಾಡಿದರು. ಇಂಗ್ಲಿಷಿನಲ್ಲಿ ಕ್ರಿಯಾಪದದ ರೂಪ ಎರಡಕ್ಕೂ ಒಂದೇ. ವಾರ್ಮ್ ಅಪ್, ಕೂಲ್ ಡೌನ್, ಡ್ರೈ ಅಪ್, ಥಿನ್ ಔಟ್, ಓಪನ್ ಅಪ್, ಇವೆಲ್ಲ ಇದೇ ಜಾತಿ. ಕನ್ನಡ ಇಲ್ಲಿ ಹೆಚ್ಚು ಕಟ್ಟುನಿಟ್ಟು. ನಾವು ‘ನಿಧಾನ’ಕ್ಕೆ ‘ಆಗು’ ಸೇರಿಸಬೇಕು ಇಲ್ಲವೇ ‘ಮಾಡು’ ಸೇರಿಸಬೇಕು. ಆಯಿತೋ ಮಾಡಿದರೋ ಅಂತ ತೀರ್ಮಾನಿಸದೆ ಕನ್ನಡದಲ್ಲಿ ವಾಕ್ಯ ಮುಗಿಸುವುದು ಕಷ್ಟ. ‘ಮಾಡಲಾಯಿತು’ ಎಂಬ ಸರ್ಕಾರಿ ಕನ್ನಡ ಇದೆಯಲ್ಲ ಅನ್ನಬೇಡಿ. ಅದು ಕರ್ತೃವನ್ನು ಬಚ್ಚಿಡಲು ಪ್ರತ್ಯೇಕವಾಗಿ ಶ್ರಮ ಪಡುತ್ತದೆ, ಆ ಶ್ರಮ ಎದ್ದು ಕಾಣುತ್ತದೆ. ಇಂಗ್ಲಿಷಿಗೆ ಅಷ್ಟು ಶ್ರಮವೂ ಬೇಕಿಲ್ಲ.

1991ರ ಜುಲೈ 24ರಂದು ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ‘ದ ಎಕಾನಮಿ ಓಪನ್ಡ್ ಅಪ್’ ಅಂತ ಬರೆದರೆ ಓದುಗರಿಗೆ ಏನೂ ಅಡ್ಡ ಬರುವುದಿಲ್ಲ. ಹೂವು ಅರಳಿದ ಹಾಗೆ, ತಾನಾಗಿ. ಕನ್ನಡದಲ್ಲಿ ‘ಮಾರುಕಟ್ಟೆ ತೆರೆದುಕೊಂಡಿತು’ ಅಂತ ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ತೆರೆದುಕೊಂಡಿತಾ, ತೆರೆದರಾ? ಆ ನಿರ್ಧಾರ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅದು ಒಂದು ನಿರ್ಧಾರ ಅನ್ನುವುದಾದರೂ ವಾಕ್ಯದಲ್ಲಿ ಉಳಿಯಬೇಕಲ್ಲ.

ಒಂದೇ ‘ಮಟ್ಟ’, ನಾಲ್ಕು ದಿಕ್ಕು

ಗುಣವಾಚಕದ ಜೊತೆ ದಿಕ್ಕಿನ ಪದ ಸೇರಿ ಒಂದು ಇಲಾಖೆಯ ಹೆಸರೇ ಆದ ಉದಾಹರಣೆ ಬ್ರಿಟನ್ನಿನಲ್ಲಿದೆ. 2021ರ ಸೆಪ್ಟೆಂಬರಿನಲ್ಲಿ ಬೋರಿಸ್ ಜಾನ್ಸನ್ ಸರ್ಕಾರ ವಸತಿ ಮತ್ತು ಸ್ಥಳೀಯ ಆಡಳಿತದ ಸಚಿವಾಲಯಕ್ಕೆ ‘ಡಿಪಾರ್ಟ್‌ಮೆಂಟ್ ಫಾರ್ ಲೆವೆಲಿಂಗ್ ಅಪ್, ಹೌಸಿಂಗ್ ಅಂಡ್ ಕಮ್ಯುನಿಟೀಸ್’ ಅಂತ ಹೆಸರಿಟ್ಟಿತು. ಮೈಕಲ್ ಗೋವ್ ಅದರ ಮಂತ್ರಿ. ‘ಲೆವೆಲ್’ ಅಂದರೆ ಸಮತಟ್ಟಾದ ಎಂಬ ಗುಣ. ಅದನ್ನು ಕ್ರಿಯಾಪದವಾಗಿ ಒಂಟಿಯಾಗಿ ಬಳಸಿದರೆ ಭಯಾನಕ ಅರ್ಥ: ಕಟ್ಟಡವನ್ನು ಲೆವೆಲ್ ಮಾಡಿದರು ಅಂದರೆ ನೆಲಸಮ ಮಾಡಿದರು. ಡೌನ್ ಸೇರಿಸಿದರೆ ಮೇಲಿದ್ದವರನ್ನು ಕೆಳಗೆಳೆದು ಸಮ ಮಾಡುವುದು. ಆಫ್ ಸೇರಿಸಿದರೆ ಏರುತ್ತಿದ್ದದ್ದು ಒಂದು ಹಂತಕ್ಕೆ ಬಂದು ನಿಲ್ಲುವುದು. ಕೊರೊನಾ ಕಾಲದ ಗ್ರಾಫ್‌ಗಳಲ್ಲಿ ನಾವೆಲ್ಲ ಕಾಯುತ್ತಿದ್ದದ್ದು ಇದಕ್ಕೇ. ಅಪ್ ಸೇರಿಸಿದರೆ ಕೆಳಗಿದ್ದವರನ್ನು ಮೇಲಕ್ಕೆತ್ತಿ ಸಮ ಮಾಡುವುದು.

ಲಂಡನ್ನಿನ ಸುತ್ತಲ ಶ್ರೀಮಂತ ಆಗ್ನೇಯ ಭಾಗಕ್ಕೂ ಕಾರ್ಖಾನೆ ಮುಚ್ಚಿಹೋದ ಉತ್ತರದ ಊರುಗಳಿಗೂ ಇರುವ ಅಂತರ ಅಲ್ಲಿನ ಹಳೇ ಗಾಯ. ಸಮಾನತೆ ಅಂದ ಕೂಡಲೇ ಇರುವವರು ‘ಹಾಗಾದರೆ ನಮ್ಮಿಂದ ಕಿತ್ತುಕೊಳ್ಳುತ್ತೀರಾ’ ಅಂತ ಕೇಳುತ್ತಾರೆ. ‘ಅಪ್’ ಎಂಬ ಎರಡಕ್ಷರದ ಇಂಗ್ಲಿಷ್ ಪದ ಆ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟಿತ್ತು: ಯಾರಿಂದಲೂ ಏನೂ ಕಿತ್ತುಕೊಳ್ಳಲ್ಲ, ಎಲ್ಲರೂ ಮೇಲಕ್ಕೇ. ದುಡ್ಡು ಎಲ್ಲಿಂದ ಬರುತ್ತೆ ಅನ್ನುವುದನ್ನು ಮಾತ್ರ ಆ ಪದ ಹೇಳಲಿಲ್ಲ. ವಿಡಿಯೋ ಗೇಮ್ ಆಡಿದ ಹುಡುಗರಿಗೆ ಅದು ಬೇರೆಯೇ ಖುಷಿಯ ಪದ, ಆಟದಲ್ಲಿ ಮುಂದಿನ ಹಂತಕ್ಕೆ ಏರುವುದು. 2024ರ ಜುಲೈನಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ಕೂಡಲೇ ಇಲಾಖೆಯ ಹೆಸರಿನಿಂದ ಆ ಪದವನ್ನು ತೆಗೆದುಹಾಕಿತು.

(ನಮ್ಮ ‘ಮಟ್ಟ’ವೂ ಏನು ಕಡಿಮೆ ಇಲ್ಲ. ಮಟ್ಟ ಅಂದರೆ ಲೆವೆಲ್. ‘ಮಟ್ಟ ಹಾಕು’ ಅಂದರೆ ತುಳಿ, ಅಡಗಿಸು.)

ದಿಕ್ಕು ಬದಲಾದರೆ ಸಂಬಂಧವೇ ಬದಲಾಗುತ್ತದೆ ಅನ್ನುವುದಕ್ಕೆ ‘ಲಾಕ್’ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಲಾಕ್ ಅಪ್: ಪೊಲೀಸರು ಮನುಷ್ಯನನ್ನು ಒಳಗೆ ಹಾಕುವುದು. ‘ಲಾಕಪ್ ಡೆತ್’ ಅನ್ನುವುದು ಕನ್ನಡ ಪತ್ರಿಕೆಗಳಲ್ಲಿ ಅನುವಾದವನ್ನೇ ಬೇಡದಷ್ಟು ಹಳೆಯ ಪದ. ಲಾಕ್ ಔಟ್: ಮಾಲೀಕರು ಗೇಟಿಗೆ ಬೀಗ ಜಡಿದು ಕಾರ್ಮಿಕರನ್ನು ಹೊರಗೆ ನಿಲ್ಲಿಸುವುದು. ಲಾಕ್ ಇನ್: ದುಡ್ಡನ್ನು ಇಂತಿಷ್ಟು ಕಾಲ ಹೊರತೆಗೆಯದಂತೆ ಕಟ್ಟಿಹಾಕುವುದು, ತೆರಿಗೆ ಉಳಿಸುವ ಮ್ಯೂಚುಯಲ್ ಫಂಡ್ ಇಎಲ್‌ಎಸ್‌ಎಸ್‌ಗೆ 3 ವರ್ಷ. ಇನ್ನು ಲಾಕ್ ಡೌನ್. ಇಲ್ಲಿ ಡೌನ್ ಅಂದರೆ ಕೆಳಗೂ ಅಲ್ಲ, ಕಡಿಮೆಯೂ ಅಲ್ಲ. ಟೈ ಡೌನ್, ನೇಲ್ ಡೌನ್, ಪಿನ್ ಡೌನ್ ಅನ್ನುವಾಗ ಬರುವ ಡೌನ್ ಅದು: ಅಲುಗಾಡದಂತೆ ನೆಲಕ್ಕೆ ಬಿಗಿಯುವುದು. ಅಮೆರಿಕದ ಜೈಲುಗಳಲ್ಲಿ ಗಲಾಟೆಯಾದಾಗ ಕೈದಿಗಳನ್ನು ಅವರವರ ಸೆಲ್ಲಿನಲ್ಲೇ ಕೂಡಿಹಾಕುವುದಕ್ಕೆ ಬಳಸುತ್ತಿದ್ದ ಪದ. 2020ರ ಮಾರ್ಚ್ 24ರ ರಾತ್ರಿ ಅದು ಇಡೀ ಭಾರತಕ್ಕೆ ಅನ್ವಯವಾಯಿತು. ಮನೆ ಇದ್ದವರಿಗೆ ಅದು ಲಾಕ್ ಇನ್. ಊರಿಗೆ ನಡೆದೇ ಹೊರಟ ವಲಸೆ ಕಾರ್ಮಿಕರಿಗೆ ಲಾಕ್ ಔಟ್. ಸರ್ಕಾರಿ ಪ್ರಕಟಣೆಯಲ್ಲಿ ಇಬ್ಬರಿಗೂ ಒಂದೇ ಡೌನ್.

ಕೊನೆಗೆ ಬರುವ ಪದವೇ ಫಲಿತಾಂಶ

ಇದೆಲ್ಲ ನಮಗೆ ಯಾಕೆ ಕಷ್ಟ? ಅಮೆರಿಕದ ಭಾಷಾವಿಜ್ಞಾನಿ ಲೆನಾರ್ಡ್ ಟಾಲ್ಮಿ 1980ರ ದಶಕದಲ್ಲಿ ಒಂದು ವಿಂಗಡಣೆ ಮುಂದಿಟ್ಟರು. ಚಲನೆಯನ್ನು ಹೇಳುವಾಗ ಕೆಲವು ಭಾಷೆಗಳು ‘ಯಾವ ಕಡೆ’ ಅನ್ನುವುದನ್ನು ಕ್ರಿಯಾಪದದ ಹೊರಗಿನ ಪುಟ್ಟ ಪದಕ್ಕೆ ವಹಿಸುತ್ತವೆ, ಕೆಲವು ಕ್ರಿಯಾಪದಕ್ಕೇ ವಹಿಸುತ್ತವೆ. ಇಂಗ್ಲಿಷ್ ಮೊದಲ ಗುಂಪಿನದು. ಮಗು ತೆವಳಿಕೊಂಡು ಹೊರಗೆ ಬಂತು ಅನ್ನಲು ಇಂಗ್ಲಿಷಿಗೆ ‘ಕ್ರಾಲ್ಡ್ ಔಟ್’ ಸಾಕು. ಹೇಗೆ ಅನ್ನುವುದು ಕ್ರಿಯಾಪದದಲ್ಲಿ, ಎಲ್ಲಿಗೆ ಅನ್ನುವುದು ‘ಔಟ್’ನಲ್ಲಿ. ನಮ್ಮ ವಾಕ್ಯದಲ್ಲಿ ‘ಬಂತು’ ಮುಖ್ಯ ಕ್ರಿಯೆ, ತೆವಳುವುದು ಅದಕ್ಕೆ ಜೋಡಿಸಿದ ವಿವರ. ಇಂಗ್ಲಿಷಿನಲ್ಲಿ ಬರುವುದು, ಹೋಗುವುದು, ಏರುವುದು, ಇಳಿಯುವುದು ಎಲ್ಲ ಆ ಪುಟ್ಟ ಪದದ ಹೆಗಲ ಮೇಲೆ. ಕ್ರಿಯಾಪದ ಕೇಳಿಸಿ ಕೊನೆಯ ಪದ ತಪ್ಪಿಹೋದರೆ ಅರ್ಧ ಸುದ್ದಿಯೇ ತಪ್ಪಿಹೋದ ಹಾಗೆ.

ದಿಕ್ಕಿನ ಪದದ ಜಾಗದಲ್ಲಿ ಗುಣವಾಚಕ ಬಂದಾಗಲೂ ಹೀಗೆಯೇ. ಪೊಲೀಸ್ ಗೋಲಿಬಾರ್ ಸುದ್ದಿಗಳನ್ನು ಇಂಗ್ಲಿಷಿನಲ್ಲಿ ಓದುವಾಗ ಈ ಕ್ರಮ ಗಮನಿಸಿ. ‘ಶಾಟ್ ಅಟ್’ ಅಂದರೆ ಗುರಿಯಿಟ್ಟು ಗುಂಡು ಹಾರಿಸಿದರು, ತಗುಲಿತೋ ಇಲ್ಲವೋ ಗೊತ್ತಿಲ್ಲ. ಬರೀ ‘ಶಾಟ್’ ಅಂದರೆ ತಗುಲಿದೆ, ಸತ್ತಿರಬಹುದು, ಬದುಕಿರಲೂಬಹುದು. ‘ಶಾಟ್ ಡೆಡ್’ ಅಂದರೆ ಕೊಂದರು. ‘ಶಾಟ್ ಡೌನ್’ ವಿಮಾನಕ್ಕೋ ಯಾರದೋ ಪ್ರಸ್ತಾವನೆಗೋ ಬಳಸುವ ಮಾತು. ವಾಟ್ಸಾಪ್‌ನಲ್ಲಿ ಅರೆಬರೆ ಅನುವಾದವಾಗಿ ಬರುವ ಸುದ್ದಿಗಳಲ್ಲಿ ಈ ನಾಲ್ಕೂ ಕಲಸಿಹೋಗಿ, ಗಾಯಗೊಂಡವರು ಸಂಜೆಯೊಳಗೆ ಹುತಾತ್ಮರಾಗಿಬಿಡುವುದುಂಟು. ಇನ್ನೊಂದು ಸೂಕ್ಷ್ಮ ನೋಡಿ. ಕನ್ನಡದಲ್ಲಿ ‘ಗುಂಡಿಕ್ಕಿ ಕೊಂದರು’ ಅಂದಾಗ ಕೊಲ್ಲುವುದೇ ಮುಖ್ಯ ಕ್ರಿಯೆ. ‘ತ್ರೀ ಶಾಟ್ ಡೆಡ್’ ಎಂಬ ಹೆಡ್‌ಲೈನಿನಲ್ಲಿ ಸಾವು ಪಕ್ಕದಲ್ಲಿ ನಿಂತ ಒಂದು ಗುಣವಾಚಕ, ಕೊಂದವರ ಸುಳಿವೇ ಇಲ್ಲ. ನಮ್ಮ ಉಪಸಂಪಾದಕರು ‘ಗುಂಡಿಗೆ ಮೂವರು ಬಲಿ’ ಅಂತ ಬರೆದು ಇದೇ ಕೆಲಸವನ್ನು ಕನ್ನಡದಲ್ಲಿ ಮಾಡಿ ತೋರಿಸುತ್ತಾರೆ, ಆ ಮಾತು ಬೇರೆ.

ಹಾಗಂತ ಕನ್ನಡಕ್ಕೆ ಈ ಸಾಮರ್ಥ್ಯ ಇಲ್ಲ ಅಂತಲ್ಲ. ‘ಈಟ್ ಅಪ್’ನಲ್ಲಿ ಅಪ್ ಮಾಡುವ ಕೆಲಸವನ್ನು ‘ತಿಂದುಬಿಡು’ನಲ್ಲಿ ‘ಬಿಡು’ ಮಾಡುತ್ತದೆ. ಪಾತ್ರೆ ತುಂಬಿದಂತೆ ನೀರಿನ ಮಟ್ಟ ಮೇಲೇರುತ್ತದೆ, ಪೂರ್ತಿ ತುಂಬಿದಾಗ ಅಂಚು ಮುಟ್ಟುತ್ತದೆ. ಹಾಗಾಗಿ ‘ಮೇಲೆ’ ಎಂಬ ದಿಕ್ಕು ‘ಪೂರ್ತಿ’ ಎಂಬ ಅರ್ಥಕ್ಕೆ ಜಾರಿತು ಅಂತ ಊಹಿಸಿಕೊಂಡರೆ ಯೂಸ್ ಅಪ್, ಡ್ರೈ ಅಪ್, ಫಿಲ್ ಅಪ್ ಎಲ್ಲವೂ ನೆನಪಿನಲ್ಲಿ ನಿಲ್ಲುತ್ತವೆ. ಬಾವಿ ಡ್ರೈ ಅಪ್ ಆಗುತ್ತದೆ, ಅಂದರೆ ಇದ್ದದ್ದೆಲ್ಲ ಮುಗಿಯಿತು. ಒದ್ದೆ ಬಟ್ಟೆ ಡ್ರೈ ಔಟ್ ಆಗುತ್ತದೆ, ಒಳಗಿನ ತೇವ ಹೊರಗೆ ಹೋಯಿತು. ಮನೆ ಬರ್ನ್ ಡೌನ್ ಆಗುತ್ತದೆ, ಯಾಕಂದರೆ ಸುಟ್ಟ ಮೇಲೆ ಕುಸಿಯುತ್ತದೆ. ಕಾಗದ ಬರ್ನ್ ಅಪ್ ಆಗುತ್ತದೆ, ಏನೂ ಉಳಿಯುವುದಿಲ್ಲ. ತರ್ಕ ಇದೆ. ಆದರೆ ಆ ತರ್ಕವನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರು.

ಎಲ್ಲಕ್ಕೂ ತರ್ಕ ಹುಡುಕಲು ಹೋಗಬೇಡಿ ಅನ್ನುವುದನ್ನೂ ಹೇಳಬೇಕು. ಅರ್ಜಿಯನ್ನು ಫಿಲ್ ಇನ್ ಮಾಡಿದರೂ ಫಿಲ್ ಔಟ್ ಮಾಡಿದರೂ ಅದೇ ಅರ್ಜಿ, ಅದೇ ಕ್ಯೂ.

ಯಾರ ಇಂಗ್ಲಿಷ್ ‘ಸರಳ’?

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ನಿಘಂಟಿನ ಮುನ್ನುಡಿಯಲ್ಲೇ, ಕ್ರಿಯಾಪದಕ್ಕೆ ಪುಟ್ಟ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿ ಪರದೇಶದವರಿಗೆ ಅತ್ಯಂತ ಕಷ್ಟ ಕೊಡುತ್ತದೆ ಅಂತ ಗುರುತಿಸಿದ್ದರು. ಆ ಮಾತಿಗೆ ಇನ್ನೂರೈವತ್ತು ವರ್ಷ ದಾಟಿದೆ. ನಮ್ಮ ಮಟ್ಟಿಗೆ ಅದು ಬರೀ ಕಷ್ಟವಲ್ಲ, ಒಂದು ವರ್ಗದ ಗೇಟು.

ಇಂಗ್ಲೆಂಡಿನಲ್ಲಿ 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳ ಭಾಷೆ ಫ್ರೆಂಚ್ ಆಯಿತು, ಚರ್ಚು ಮತ್ತು ವಿದ್ವಾಂಸರದ್ದು ಲ್ಯಾಟಿನ್. ಹೊಲದಲ್ಲಿ, ಅಡುಗೆಮನೆಯಲ್ಲಿ ಉಳಿದದ್ದು ಸಣ್ಣ ಸಣ್ಣ ಜರ್ಮಾನಿಕ್ ಕ್ರಿಯಾಪದಗಳು ಮತ್ತು ಅಪ್, ಡೌನ್, ಔಟ್, ಆಫ್. ಹಾಗಾಗಿ ಇವತ್ತಿಗೂ ಜೋಡಿ ಜೋಡಿ ಪದಗಳು: ಎಕ್ಸ್‌ಟಿಂಗ್ವಿಶ್ ಮತ್ತು ಪುಟ್ ಔಟ್, ಟಾಲರೇಟ್ ಮತ್ತು ಪುಟ್ ಅಪ್ ವಿತ್, ಪೋಸ್ಟ್‌ಪೋನ್ ಮತ್ತು ಪುಟ್ ಆಫ್, ಸರೆಂಡರ್ ಮತ್ತು ಗಿವ್ ಅಪ್. ಅಲ್ಲಿ ದೊಡ್ಡ ಪದ ದೊರೆಗಳದ್ದು, ಪುಟ್ಟ ಪದ ಜನರದ್ದು.

ನಮ್ಮಲ್ಲಿ ಇದು ತಿರುಗುಮುರುಗಾಯಿತು. ಇಂಗ್ಲಿಷ್ ನಮ್ಮ ಹಳ್ಳಿಗಳಿಗೆ ಬಂದದ್ದು ಅರ್ಜಿ, ಆದೇಶ, ಪಠ್ಯಪುಸ್ತಕಗಳ ಮೂಲಕ. ಸ್ಯಾಂಕ್ಷನ್, ಸಸ್ಪೆಂಡ್, ಡೆಪ್ಯುಟೇಷನ್, ಇನ್‌ಕ್ರಿಮೆಂಟ್ ಇವೆಲ್ಲ ನಮ್ಮ ತಾತಂದಿರಿಗೂ ಗೊತ್ತು. ಕನ್ನಡ ಮೀಡಿಯಂನಿಂದ ಎಂಜಿನಿಯರಿಂಗ್‌ಗೆ ಹೋದ ನಮ್ಮಂಥವರಿಗೆ ಥರ್ಮೋಡೈನಮಿಕ್ಸ್ ಪುಸ್ತಕ ಅಷ್ಟೇನೂ ಹೆದರಿಸಲಿಲ್ಲ. ಹೆದರಿಸಿದ್ದು ಕ್ಯಾಂಟೀನ್ ಇಂಗ್ಲಿಷ್. ಸಿಟಿ ಹುಡುಗರು ನಗುನಗುತ್ತಾ ಆಡುತ್ತಿದ್ದ ‘ಮೇಕ್ ಅಪ್ ಫಾರ್ ಇಟ್’, ‘ಗೆಟ್ ಅವೇ ವಿತ್ ಇಟ್’ಗಳಲ್ಲಿ ಪ್ರತಿ ಪದವೂ ಗೊತ್ತು, ಒಟ್ಟು ಅರ್ಥ ಗೊತ್ತಿಲ್ಲ. ಪದ ಗೊತ್ತಿಲ್ಲದಿದ್ದರೆ ನಿಘಂಟು ನೋಡಬಹುದು. ಮೇಕ್, ಅಪ್, ಫಾರ್, ಇಟ್ ನಾಲ್ಕೂ ಗೊತ್ತಿದ್ದವರು ಏನನ್ನು ಹುಡುಕಬೇಕು?

1946ರ ಪ್ರಬಂಧದಲ್ಲಿ ಜಾರ್ಜ್ ಆರ್ವೆಲ್, ರಾಜಕಾರಣಿಗಳು ಲ್ಯಾಟಿನ್ ಮೂಲದ ಭಾರಿ ಪದಗಳ ಹಿಂದೆ ಕ್ರೌರ್ಯವನ್ನು ಬಚ್ಚಿಡುತ್ತಾರೆ, ಹಾಗಾಗಿ ಚಿಕ್ಕ ಪದ ಇರುವಾಗ ದೊಡ್ಡದನ್ನು ಬಳಸಬೇಡಿ ಅಂತ ವಾದಿಸಿದರು. ಪತ್ರಿಕೋದ್ಯಮದ ತರಗತಿಗಳಲ್ಲಿ ಅದನ್ನು ಮಂತ್ರದ ಹಾಗೆ ಹೇಳಿಕೊಡುತ್ತಾರೆ. ಆರ್ವೆಲ್ ತಮ್ಮ ಜನರಿಗೆ ಹೇಳಿದ್ದು ಸರಿ. ಆದರೆ ಚಿಕ್ಕ ಪದವೂ ಬಚ್ಚಿಡಬಲ್ಲದು ಅನ್ನುವುದು ಲಾಕ್ ಡೌನ್, ಸ್ಲೋ ಡೌನ್‌ಗಳಲ್ಲಿ ಕಂಡಿದ್ದೇವೆ. ಮೇಲಾಗಿ ಚಿಕ್ಕಬಳ್ಳಾಪುರದ ಓದುಗಿಗೆ ‘ಟಾಲರೇಟ್’ ಸುಲಭ, ‘ಪುಟ್ ಅಪ್ ವಿತ್’ ಕಷ್ಟ.

ಇಂಟರ್ನೆಟ್ ಬಂದ್ ಮಾಡುವ ಆದೇಶಗಳಲ್ಲಿ ಎರಡೂ ಬಗೆಯ ಪದಗಳು ಎದುರಾಬದುರಾಗುತ್ತವೆ. ಕೇಂದ್ರದ ನಿಯಮಗಳ ಪ್ರಕಾರ ಅದು ಟೆಲಿಕಾಂ ಸೇವೆಗಳ ‘ಟೆಂಪರರಿ ಸಸ್ಪೆನ್ಷನ್’. ಜನರ ಬಾಯಲ್ಲಿ, ಪತ್ರಿಕೆಗಳಲ್ಲಿ ‘ಶಟ್‌ಡೌನ್’. ಇಲ್ಲಿ ಪುಟ್ಟ ಪದವೇ ಹೆಚ್ಚು ಪ್ರಾಮಾಣಿಕ, ಬಾಗಿಲು ಎಳೆದು ಮುಚ್ಚಿದ ಸದ್ದು ಅದರಲ್ಲಿದೆ. 2020ರ ಜನವರಿ 10ರಂದು ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅನಿರ್ದಿಷ್ಟ ಕಾಲ ಹೀಗೆ ಸೇವೆ ನಿಲ್ಲಿಸುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಅಂತ ಹೇಳಿತು. ಪ್ರಕಟಿಸಬೇಕು ಅಂದರೆ, ಸಹಿ ಹಾಕಿದವರ ಹೆಸರು ಜನರಿಗೆ ಕಾಣಬೇಕು. ‘ನೆಟ್ ಡೌನ್ ಆಗಿದೆ’ ಮತ್ತು ‘ನೆಟ್ ಡೌನ್ ಮಾಡಿದ್ದಾರೆ’ ನಡುವಿನ ವ್ಯತ್ಯಾಸ ಆ ಆದೇಶದ ಪ್ರತಿಯಲ್ಲಿರುತ್ತದೆ.

ಕೆಲಸದ ಜಾಗದಲ್ಲಿ ಆಗುವ ಒಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ‘ಮುಂದೂಡು’ ಅಂದರೆ ನಮಗೆ ತಡವಾಗಿ ಮಾಡುವುದು, ದಿನಾಂಕ ನಮ್ಮಿಂದ ಮುಂದೆ ಸರಿಯಿತು. ಬ್ರಿಟಿಷ್ ಇಂಗ್ಲಿಷಿನಲ್ಲಿ ಮೀಟಿಂಗ್ ಅನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡಿದರೆ ಅದು ಬೇಗ ನಡೆಯುತ್ತದೆ, ‘ಪುಶ್ ಬ್ಯಾಕ್’ ಮಾಡಿದರೆ ತಡವಾಗಿ. ನಮ್ಮ ಮುಂದೆ ಅವರ ಹಿಂದೆ. ಭಾರತೀಯರು ‘ಪ್ರಿಪೋನ್’ ಬಳಸಿದರೆ ನಗುವವರಿದ್ದಾರೆ. ಅದರಷ್ಟು ಗೊಂದಲವಿಲ್ಲದ ಪದ ಅವರ ಹತ್ತಿರವೂ ಇಲ್ಲ.

ಲೇ ಆಫ್

ಬೆಂಗಳೂರಿನ ಐಟಿ ಉದ್ಯೋಗಿಗಳು ಈಗ ಹೆಚ್ಚು ಹೆದರುವ ಜೋಡಿ ಪದ ‘ಲೇ ಆಫ್’. ಲೇ ಅಂದರೆ ಇಡು, ಆಫ್ ಅಂದರೆ ಆಚೆ. ಎತ್ತಿ ಆಚೆ ಇಡುವುದು. ಮೂಲದಲ್ಲಿ ಇದು ತಾತ್ಕಾಲಿಕ: ಕೆಲಸ ಕಡಿಮೆ ಇರುವ ಸೀಸನ್ನಿನಲ್ಲಿ ಕಾರ್ಮಿಕರನ್ನು ಪಕ್ಕಕ್ಕೆ ನಿಲ್ಲಿಸಿ ಆಮೇಲೆ ವಾಪಸ್ ಕರೆಯುವುದು. ಅಮೆರಿಕದಲ್ಲಿ ಕಾಲಕ್ರಮೇಣ ಅದು ಕೆಲಸದಿಂದ ತೆಗೆಯುವುದಕ್ಕೇ ಹೆಸರಾಯಿತು, ಅದೇ ಅರ್ಥದಲ್ಲಿ ನಮ್ಮ ಕಂಪನಿಗಳಿಗೂ ಬಂತು.

ಆದರೆ ನಮ್ಮ ಕಾನೂನು ಹಳೆಯ ಅರ್ಥವನ್ನೇ ಹಿಡಿದುಕೊಂಡಿದೆ. 2025ರವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ‘ಲೇ ಆಫ್’ ಅಂದರೆ ಕಲ್ಲಿದ್ದಲು, ವಿದ್ಯುತ್, ಕಚ್ಚಾವಸ್ತುಗಳ ಕೊರತೆ, ಯಂತ್ರ ಕೆಟ್ಟುಹೋಗುವುದು ಇಂಥ ಕಾರಣಗಳಿಂದ ಮಾಲೀಕರು ಕೆಲಸ ಕೊಡಲಾಗದ ಸ್ಥಿತಿ. ಕಾರ್ಮಿಕರ ಹೆಸರು ಮಸ್ಟರ್ ರೋಲ್‌ನಲ್ಲೇ ಇರುತ್ತದೆ. ಅರ್ಹರಿಗೆ ಆ ದಿನಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಕೊಡಬೇಕು. ಕೆಲಸದಿಂದಲೇ ತೆಗೆಯುವುದಕ್ಕೆ ಬೇರೆ ಪದ, ‘ರಿಟ್ರೆಂಚ್‌ಮೆಂಟ್’. ಅದಕ್ಕೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ. 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಈ ಎರಡು ಪದಗಳನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಸಾಫ್ಟ್‌ವೇರ್ ಎಂಜಿನಿಯರ್ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕರು ಹೌದೋ ಅಲ್ಲವೋ ಎಂಬ ವಾದ ಬೇರೆಯೇ ಇದೆ, ಅದು ಆಯಾ ಕೆಲಸದ ಸ್ವರೂಪದ ಮೇಲೆ ನಿಂತಿದೆ.

ಹಾಗಾಗಿ ಎಚ್‌ಆರ್ ಕ್ಯಾಬಿನ್‌ಗೆ ಕರೆದು ‘ವಿ ಹ್ಯಾವ್ ಟು ಲೆಟ್ ಯು ಗೋ’ ಅಂದಾಗ ಗಮನಿಸಬೇಕಾದದ್ದು ‘ಗೋ’ ಪದವನ್ನು. ಹೋಗುತ್ತಿರುವವರು ನೀವು, ಅವರು ಬರೀ ಬಿಟ್ಟುಕೊಡುತ್ತಿದ್ದಾರೆ ಅನ್ನುವ ಹಾಗಿದೆ ಆ ವಾಕ್ಯ. ಮೇಜಿನ ಮೇಲೆ ಸಹಿಗಾಗಿ ಇಟ್ಟ ಕಾಗದದಲ್ಲಿ ‘ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ’ ಅಂತಿದ್ದರೆ, ಕಾನೂನಿನ ಕಣ್ಣಿಗೆ ಅದು ಲೇ ಆಫ್ ಅಲ್ಲ, ರಿಟ್ರೆಂಚ್‌ಮೆಂಟೂ ಅಲ್ಲ. ಸಹಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ಕೊಡಿ ಅನ್ನಿ: ನಾನು ಬಿಡುತ್ತಿದ್ದೇನಾ, ನೀವು ತೆಗೆಯುತ್ತಿದ್ದೀರಾ?